ಮಹಾರಾಣಿಯ ನಾಯಿ ಕಾಯುವ ಪ್ರಭು

ನಮ್ಮಲ್ಲಿ ಯಾರಿಗಾದರೂ ‘ನಾಯಿ ಕಾಯಲು ಹೋಗು’ ಎಂದರೆ ಜಗಳವೇ ಆದೀತು. ವಿಕ್ಟೋರಿಯಾ ರಾಣಿಯ ಇಂಗ್ಲೆಂಡಿನಲ್ಲಿ ಆ ಕೆಲಸ ಶ್ರೀಮಂತ ಪ್ರಭುಗಳಿಗೇ ಮೀಸಲು. ಹುದ್ದೆಯ ಹೆಸರು ‘ಮಾಸ್ಟರ್ ಆಫ್ ದಿ ಬಕ್‌ಹೌಂಡ್ಸ್’, ಎಂದರೆ ಅರಮನೆಯ ಬೇಟೆನಾಯಿಗಳ ಯಜಮಾನ. 1892ರಲ್ಲಿ ಗ್ಲಾಡ್‌ಸ್ಟನ್ ಪ್ರಧಾನಿಯಾದಾಗ ಅದು ಲಿಬರಲ್ ಪಕ್ಷದ ಲಾರ್ಡ್ ರಿಬಲ್ಸ್‌ಡೇಲ್ ಅವರಿಗೆ ದಕ್ಕಿತು.

ಬೇಟೆ ಎಂದರೆ ಅದೇನು ಬೇಟೆ! ಜಿಂಕೆಯನ್ನು ಗಾಡಿಯಲ್ಲಿ ಕೂಡಿಹಾಕಿಕೊಂಡು ಬಯಲಿಗೆ ತರುತ್ತಿದ್ದರು. ಬಾಗಿಲು ತೆರೆದು, ಅದು ಒಂದಿಷ್ಟು ದೂರ ಓಡಲಿ ಎಂದು ಕಾದು, ಆಮೇಲೆ ನಾಯಿಗಳನ್ನು ಬಿಡುವುದು. ಮೈಲುಗಟ್ಟಲೆ ಅಟ್ಟಿ ಹಿಡಿದ ಮೇಲೆ ಕೊಲ್ಲುವಂತಿಲ್ಲ. ಮತ್ತೆ ಗಾಡಿ ಹತ್ತಿಸಿ ಮನೆಗೆ ಕಳಿಸಬೇಕು. ಮುಂದಿನ ಸಲಕ್ಕೆ ಬೇಕಲ್ಲ! ಹೋಗಿಬರುವ ಖರ್ಚು ಸರ್ಕಾರದ್ದೇ ಆದ ಇಂಥ ಪ್ರವಾಸದ ಬಗ್ಗೆ ಜಿಂಕೆಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ತಮಾಷೆಯೆಂದರೆ ಇದು ರಾಜಕೀಯ ಹುದ್ದೆ. ಸರ್ಕಾರ ಬಿದ್ದರೆ ನಾಯಿಗಳ ಯಜಮಾನನೂ ಮನೆಗೆ. 1895ರ ಜೂನ್‌ನಲ್ಲಿ ಸೈನ್ಯದ ಬಳಿ ಮದ್ದಿನ ದಾಸ್ತಾನು ಸಾಲದು ಎಂಬ ತಕರಾರಿನ ಮತದಾನದಲ್ಲಿ, ಗ್ಲಾಡ್‌ಸ್ಟನ್ ನಂತರ ಪ್ರಧಾನಿಯಾಗಿದ್ದ ಲಿಬರಲ್ ಪಕ್ಷದ ರೋಸ್‌ಬರಿಯ ಸರ್ಕಾರ ಸೋತಿತು. ರಿಬಲ್ಸ್‌ಡೇಲ್ ನಾಯಿಗಳನ್ನು ಬಿಟ್ಟು ಹೊರಟರು. ಬಂದೂಕಿನ ಮದ್ದಿಗೂ ನಾಯಿಯ ಕೊರಳಪಟ್ಟಿಗೂ ಎತ್ತಣ ಸಂಬಂಧ? ನಾಯಿಗಳು ಮಾತ್ರ ಎದುರು ಪಕ್ಷದಿಂದ ಬಂದ ಹೊಸ ಯಜಮಾನನಿಗೂ ಬಾಲ ಅಲ್ಲಾಡಿಸಿರಬೇಕು. ಅಪ್ಪಟ ಸರ್ಕಾರಿ ನೌಕರರು.

ಮರುವರ್ಷ ರಿಬಲ್ಸ್‌ಡೇಲ್ ಬ್ರಿಟಿಷ್ ಸಂಸತ್ತಿನ ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಲಿಬರಲ್ಲರ ಮುಖ್ಯ ಸಚೇತಕರಾದರು, ಎಂದರೆ ಚೀಫ್ ವಿಪ್. ನಮ್ಮ ಪತ್ರಿಕೆಗಳು ‘ವಿಪ್ ಜಾರಿ’ ಎಂದು ಬರೆಯುವಾಗಿನ ಆ ವಿಪ್ ಹುಟ್ಟಿದ್ದು ಬೇಟೆಯ ಮೈದಾನದಲ್ಲೇ: ಗುಂಪು ಬಿಟ್ಟು ಅಡ್ಡಾದಿಡ್ಡಿ ಹೋಗುವ ನಾಯಿಗಳನ್ನು ಚಾವಟಿ ಹಿಡಿದು ಒಂದುಗೂಡಿಸುವ ಆಳಿನ ಹೆಸರಿನಿಂದ. ಹಾಗಾಗಿ ಇವರಿಗೆ ಇದನ್ನು ಬಡ್ತಿ ಎನ್ನಬೇಕೋ ವರ್ಗಾವಣೆ ಎನ್ನಬೇಕೋ ತಿಳಿಯದು. ಲಾರ್ಡ್ಸ್ ಸಭೆಯಲ್ಲಿ ಲಿಬರಲ್ಲರೇ ಬೆರಳೆಣಿಕೆಯಷ್ಟು. ಅಟ್ಟಿ ತರುವುದಾದರೂ ಯಾರನ್ನು?

1901ರಲ್ಲಿ ಹೊಸ ದೊರೆ ಏಳನೆಯ ಎಡ್ವರ್ಡನ ಕಾಲಕ್ಕೆ ಬಕ್‌ಹೌಂಡ್ಸ್ ದಂಡೇ ರದ್ದಾಯಿತು. ಮರುವರ್ಷ ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಬಿಡಿಸಿದ ರಿಬಲ್ಸ್‌ಡೇಲ್ ಅವರ ಚಿತ್ರ ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯದು. ಎಂಟಡಿಗೂ ಮೀರಿದ ಎತ್ತರ. ಉದ್ದನೆಯ ಕಪ್ಪು ಕೋಟು, ನೀಳ ಟೊಪ್ಪಿ, ಬೂಟು. 1916ರಲ್ಲಿ ಅದನ್ನು ಕೊಟ್ಟವರು ಅವರೇ, ತೀರಿಹೋದ ಹೆಂಡತಿಯ ಮತ್ತು ಇಬ್ಬರು ಗಂಡುಮಕ್ಕಳ ನೆನಪಿಗೆ. ಒಬ್ಬ ಆಫ್ರಿಕಾದ ಸೊಮಾಲಿಲ್ಯಾಂಡಿನಲ್ಲಿ ಮಡಿದಿದ್ದ, ಇನ್ನೊಬ್ಬ ಮೊದಲ ಮಹಾಯುದ್ಧದ ಗಲಿಪೊಲಿ ಕದನದಲ್ಲಿ.

ಚಿತ್ರದಲ್ಲಿ ಚಾವಟಿ ಕೈಯಲ್ಲೇ ಇದೆ. ಸುತ್ತ ಒಂದು ನಾಯಿಯೂ ಇಲ್ಲ.