ಹುಡುಕಿದ್ದಕ್ಕೂ ಕೂಲಿ ಕೊಡಿ

ಬೆಳಿಗ್ಗೆ ಸೆಲ್ಫ್ ಹೊಡೆದೂ ಹೊಡೆದೂ ಸ್ಟಾರ್ಟ್ ಆಗಿ, ಆಮೇಲೆ ಐಡ್ಲಿಂಗ್‌ನಲ್ಲಿ ಗಡಗಡ ನಡುಗುವ ಲಾರಿ ಬಂದರೆ ಬೆಂಗಳೂರಿನ ಗ್ಯಾರೇಜ್‌ಗಳಲ್ಲಿ ಮೊದಲು ಕೈ ಹೋಗುವುದು ನೋಝಲ್‌ಗೆ, ಅಂದರೆ ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗಕ್ಕೆ. ಆರಕ್ಕೆ ಆರೂ ಬಿಚ್ಚಿ ಪಂಪ್ ಅಂಗಡಿಗೆ ಕಳಿಸುತ್ತಾರೆ. ನಾನಿರುವ ಚಿಕಾಗೊ ಕಡೆ ಮೊದಲ ಒಂದು ಗಂಟೆ ಸ್ಪ್ಯಾನರ್ ಮುಟ್ಟುವುದೇ ಅಪರೂಪ, ಬರೀ ಅಳತೆ. ಆ ಗಂಟೆಗೂ ಬಿಲ್ ಹಾಕುತ್ತಾರೆ, ಮಾಲೀಕ ಕೊಡುತ್ತಾನೆ. ನಮ್ಮೂರಲ್ಲಿ ಪಾರ್ಟ್ಸ್‌ಗೆ ಕಾಸು ಬಿಚ್ಚುವ ಮಾಲೀಕ ದೋಷ ಹುಡುಕಿದ್ದಕ್ಕೆ ಕೊಡುವುದಿಲ್ಲ. ಹೀಗಿರುವಾಗ ಮೆಕ್ಯಾನಿಕ್ ಪಾರ್ಟ್ಸ್ ಬದಲಿಸದೆ ಇನ್ನೇನು ಮಾಡಿಯಾನು?

ರಾತ್ರಿ ನಿಂತ ಗಾಡಿ ಬೆಳಿಗ್ಗೆ ಮಾತ್ರ ಸತಾಯಿಸಿ, ದಿನವಿಡೀ ಸರಿಯಾಗಿ ಓಡಿದರೆ ಮೊದಲ ಅನುಮಾನ ಡೀಸೆಲ್ ಲೈನ್‌ಗೆ ಸೇರಿದ ಏರ್ ಮೇಲೆ. ಟ್ಯಾಂಕ್‌ನಿಂದ ಡೀಸೆಲ್ ಎಳೆಯುವ ಫೀಡ್ ಪಂಪ್‌ವರೆಗಿನ ಲೈನ್‌ನಲ್ಲಿ ಡೀಸೆಲ್ ಎಳೆಸಿಕೊಂಡು ಬರುತ್ತದೆ. ಅಲ್ಲಿ ಸಂದಿಯಿದ್ದರೆ ಹೊರಗೆ ಹನಿ ಕಾಣದೆಯೂ ಗಾಳಿ ಒಳಗೆ ನುಗ್ಗುತ್ತದೆ. ರಾತ್ರಿ ಡೀಸೆಲ್ ಟ್ಯಾಂಕ್‌ಗೆ ವಾಪಸು ಜಾರುತ್ತದೆ. ಫೀಡ್ ಪಂಪ್‌ಗೆ ಬರುವ ಕಡೆ ಒಂದಡಿ ಪಾರದರ್ಶಕ ಟ್ಯೂಬ್ ಹಾಕಿ ಎಂಜಿನ್ ಓಡಿಸಿ ನೋಡಿ. ಸಾಸಿವೆಯಷ್ಟು ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ನೋಝಲ್ ಮುಟ್ಟಬೇಡಿ. ಪಂಪ್‌ಗೆ ಬೇರೊಂದು ಕ್ಯಾನ್‌ನಿಂದ ನೇರವಾಗಿ ಡೀಸೆಲ್ ಕೊಡಿ. ಗುಳ್ಳೆ ನಿಂತರೆ ದೋಷ ಹಿಂದಿನ ಲೈನ್‌ನಲ್ಲೇ ಇದೆ: ಪೈಪನ್ನು ಕೂಡಿಸುವ ಟೊಳ್ಳು ಬೋಲ್ಟಿನ (ಬ್ಯಾಂಜೋ ಬೋಲ್ಟ್) ತಾಮ್ರದ ವಾಷರ್, ವಾಟರ್ ಸೆಪರೇಟರಿನ ರಬ್ಬರ್ ರಿಂಗ್, ಬಿರುಕು ಬಿಟ್ಟ ಹೋಸ್. ಒಮ್ಮೆ ಬಿಗಿದ ತಾಮ್ರದ ವಾಷರ್ ಗಡುಸಾಗಿಬಿಡುತ್ತದೆ, ಹಳೆಯದನ್ನೇ ಮತ್ತೆ ಹಾಕಿದರೆ ಕೂರುವುದಿಲ್ಲ. ಚಿಲ್ಲರೆ ಕಾಸಿನ ವಾಷರ್‌ಗಾಗಿ ಸಾವಿರಾರು ರೂಪಾಯಿಯ ಪಂಪ್ ಕೆಲಸ ಆಗುವುದು ಹೊಟ್ಟೆ ಉರಿಸುವ ಸಂಗತಿ.

ಸೆಲ್ಫ್ ಹೊಡೆಯುವಾಗ ಸೈಲೆನ್ಸರ್ ನೋಡಿ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪಿಲ್ಲ. ಬಿಳಿ ಹೊಗೆ ಬಂದರೆ ತಲುಪಿದೆ, ಉರಿದಿಲ್ಲ. ಆಗ ಎಂಜಿನ್ ತಿರುಗುವ ವೇಗ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಬಲ), ಟ್ಯಾಪೆಟ್ (ವಾಲ್ವಿನ ಸಂದಿ) ನೋಡಬೇಕು. 24 ವೋಲ್ಟ್ ಗಾಡಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 18ಕ್ಕಿಂತ ಕೆಳಗಿಳಿದರೆ ಎರಡೂ ಬ್ಯಾಟರಿಗಳನ್ನು ಬೇರೆ ಬೇರೆ ಅಳೆಯಿರಿ. ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕ್‌ಗೂ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ಕಂಡರೆ ಅರ್ಥ್ ಕೇಬಲ್ ಕೆಟ್ಟಿದೆ. ತಪ್ಪನ್ನು ಡಿಸೆಂಬರ್ ಚಳಿಯ ಮೇಲೆ ಹಾಕುವುದು ಬೇಡ. ಚಿಕಾಗೊದ ಮೈನಸ್ 20 ಡಿಗ್ರಿಯಲ್ಲಿ ಡೀಸೆಲ್ ಮೇಣದಂತೆ ಗಟ್ಟಿಯಾಗುವುದುಂಟು. ಬೆಂಗಳೂರಿನ 15 ಡಿಗ್ರಿಗೆ ಆರೋಗ್ಯವಂತ ಎಂಜಿನ್ ಹಟ ಮಾಡುವುದಿಲ್ಲ.

ಐಡ್ಲಿಂಗ್ ಮಿಸ್ಸಿಂಗ್, ಅಂದರೆ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ಹಿಡಿಯುವುದರಲ್ಲಿ ನಮ್ಮ ಹಳೆಯ ಮೇಸ್ತ್ರಿಗಳ ಕಿವಿಗೆ ಸಾಟಿಯಿಲ್ಲ. ಹಳೆಯ ಪಂಪಿನ ಗಾಡಿಯಲ್ಲಿ ಒಂದೊಂದೇ ಪೈಪಿನ ನಟ್ ಸಡಿಲಿಸಿ, ಯಾವುದನ್ನು ಸಡಿಲಿಸಿದರೂ ಸದ್ದು ಬದಲಾಗಲಿಲ್ಲವೋ ಆ ಸಿಲಿಂಡರ್ ಸತ್ತಿದೆ ಎನ್ನುತ್ತಾರೆ. ಆದರೆ ಎಲ್ಲ ಇಂಜೆಕ್ಟರ್‌ಗಳಿಗೂ (ನೋಝಲ್ ಕೂತಿರುವ ಭಾಗ) ಒಂದೇ ಹೆಚ್ಚು ಒತ್ತಡದ ಕೊಳವೆಯಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಗಾಡಿಯಲ್ಲಿ, 2020ರ ಏಪ್ರಿಲ್‌ನಿಂದ ಬಂದ ಬಿಎಸ್6 (ಹೊಗೆ ನಿಯಮ) ಗಾಡಿಯಿರಲಿ, ಅದಕ್ಕೂ ಹಿಂದಿನದಿರಲಿ, ಇದನ್ನು ದಯವಿಟ್ಟು ಮಾಡಬೇಡಿ. ಆ ಪೈಪಿನಲ್ಲಿ ಒತ್ತಡ ಸಾವಿರ ಬಾರ್ ದಾಟಬಲ್ಲದು, ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಬೆರಳೇ ಕಳೆದುಕೊಳ್ಳಬಹುದು. ಅಲ್ಲಿ ಸ್ಕ್ಯಾನರ್‌ನಿಂದ ಒಂದೊಂದೇ ಸಿಲಿಂಡರ್ ನಿಲ್ಲಿಸಿ ನೋಡಬೇಕು. ಇಂಜೆಕ್ಟರ್ ರಿಟರ್ನ್ ಪೈಪ್ (ಉಳಿದ ಡೀಸೆಲ್ ವಾಪಸು ಹೋಗುವ ಪೈಪ್) ಹೊರಗಿದ್ದರೆ ಪ್ರತಿಯೊಂದಕ್ಕೂ ಒಂದೇ ಅಳತೆಯ ಸಣ್ಣ ಬಾಟಲಿ ಕಟ್ಟಿ ಎರಡು ನಿಮಿಷ ಐಡ್ಲಿಂಗ್ ಬಿಡಿ. ಒಂದು ಬಾಟಲಿ ಉಳಿದವಕ್ಕಿಂತ ಎರಡು ಮೂರು ಪಟ್ಟು ತುಂಬಿದರೆ ಆ ಇಂಜೆಕ್ಟರ್ ಒಂದನ್ನೇ ಬಿಚ್ಚಿ. ಹೊಸದು ಹಾಕಿದಾಗ ಅದರ ತಲೆಯ ಮೇಲಿನ ಕೋಡ್ ಅನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುಗೆ ತುಂಬಬೇಕು, ಮರೆತರೆ ಹೊಸ ಇಂಜೆಕ್ಟರ್ ಹಾಕಿಯೂ ನಡುಕ ಉಳಿಯಬಹುದು.

ಚಿಕಾಗೊದಲ್ಲೂ ಸ್ಕ್ಯಾನರ್ 'ರೈಲ್ ಪ್ರೆಷರ್ ಕಡಿಮೆ' ಎಂದೊಡನೆ ಪಂಪನ್ನೇ ಬದಲಿಸುವವರಿದ್ದಾರೆ. ಗುಳ್ಳೆ ನೋಡುವ ವ್ಯವಧಾನ ಅವರಿಗಿಲ್ಲ. ನೋಝಲ್ ರಿಪೇರಿ ಮಾಡಿ ಬೆಂಚಿನ ಮೇಲೆ ಸ್ಪ್ರೇ ನೋಡಿ ಕೊಡುವ ನಮ್ಮವರ ಕೈಕೆಲಸ ಅಲ್ಲಿ ಕಾಣುವುದೂ ಕಡಿಮೆ.

ಬೆಂಗಳೂರಿನ ಲಾರಿ ಮಾಲೀಕರಲ್ಲಿ ನನ್ನ ಕೋರಿಕೆ ಇಷ್ಟೇ. ಗಾಡಿ ಬಿಡುವಾಗಲೇ ಹುಡುಕುವ ಕೂಲಿ ಮಾತಾಡಿಕೊಳ್ಳಿ. ಗುಳ್ಳೆ ಇತ್ತೋ ಇಲ್ಲವೋ, ಸೆಲ್ಫ್ ಹೊಡೆದಾಗ ಎಷ್ಟು ವೋಲ್ಟ್, ಯಾವ ಬಾಟಲಿಯಲ್ಲಿ ಎಷ್ಟು ಡೀಸೆಲ್, ಇವನ್ನು ಜಾಬ್ ಕಾರ್ಡಿನಲ್ಲಿ ಬರೆಸಿಕೊಂಡ ಮೇಲೆಯೇ ನೋಝಲ್ ಬಿಚ್ಚಲು ಒಪ್ಪಿ.