ನಂಬರ್ 38ರ ಕೆಳಗೆ ನಮ್ಮೂರು

ಮೇ 29ಕ್ಕೆ ಶಾಲೆ ಶುರು ಅಂತ ಎರಡು ದಿನ ಮುಂಚೆಯೇ ಹೋಗಿ ಕೊಠಡಿ ಬಾಗಿಲು ತೆಗೆದೆ. ಬೇಸಿಗೆ ರಜೆಯನ್ನು ನನಗಿಂತ ಚೆನ್ನಾಗಿ ಕಳೆದ ಇಲಿಗಳು ಎದ್ದು ಓಡಿದವು. ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಕಸ ಗುಡಿಸಿ, ಜೇಡರ ಬಲೆ ತೆಗೆದು, ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಪ್ರಶ್ನೆ ಬರೆದಿಟ್ಟು, ಪಾಠ ಯೋಜನೆಗೆ ಕೂತೆ. ಹೋದ ವರ್ಷದ್ದನ್ನು ಪಕ್ಕದಲ್ಲಿಟ್ಟುಕೊಂಡೇ ಬರೆದೆ. ನೀವೂ ಹಾಗೇ ಅಲ್ವಾ? ಸುಮ್ನೆ ಒಪ್ಪಿಕೊಳ್ಳಿ.

'ಕಲಿಕಾ ಫಲ: ಮಕ್ಕಳು ನಕ್ಷೆಯಲ್ಲಿ ತಮ್ಮ ಜಿಲ್ಲೆಯನ್ನು ಗುರುತಿಸುವರು.' ಇಷ್ಟು ಬರೆದು ತಲೆಯೆತ್ತಿ ಗೋಡೆ ನೋಡಿದೆ. ಎಲ್ಲಿಂದ ಗುರುತಿಸುವರು?

ನಮ್ಮ ನಕ್ಷೆ 27 ಜಿಲ್ಲೆಗಳ ಕಾಲದ್ದು. ನಮ್ಮ ಚಿಕ್ಕಬಳ್ಳಾಪುರ 2007ರಲ್ಲೇ ಕೋಲಾರದಿಂದ ಬೇರೆಯಾದ ಸುದ್ದಿ ಅದಕ್ಕೆ ಇನ್ನೂ ಮುಟ್ಟಿಲ್ಲ. ಯಾದಗಿರಿ, ವಿಜಯನಗರಗಳನ್ನು ನಾನೇ ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದು ಸೇರಿಸಿದ್ದೆ. ರಾಮನಗರವನ್ನು ಇನ್ನೂ ಮುದ್ದಾಗಿ ಬರೆದಿದ್ದೆ. 2025ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಬೆಂಗಳೂರು ದಕ್ಷಿಣ ಮಾಡಿತು. ವೈಟ್ನರ್ ತಂದೆ.

ಇಷ್ಟಾದರೂ ಸಹಿಸಬಹುದಿತ್ತು. ನಮ್ಮ ಹೆಡ್‌ಮಾಸ್ಟರಿಗೆ ಕಣ್ಣಿಗೆ ಬಿದ್ದದ್ದಕ್ಕೆಲ್ಲ ಸ್ಟಾಕ್ ನಂಬರ್ ಬರೆಸುವ ಚಟ. ಕೆಂಪು ಪೇಂಟು, ಯಾವಾಗಲೂ ಬಲಗಡೆ ಕೆಳಮೂಲೆ. ಬೆಂಚು, ಬಕೆಟ್ಟು, ಗಂಟೆ, ಬಿಸಿಯೂಟದ ಸೌಟು, ಯಾವುದೂ ತಪ್ಪಿಸಿಕೊಂಡಿಲ್ಲ. ಗ್ಲೋಬಿಗೆ ಮೂಲೆಯೇ ಇಲ್ಲ ಅಂತ ಒಂದಿಡೀ ಮಧ್ಯಾಹ್ನ ಯೋಚಿಸಿ, ಕೊನೆಗೆ ಆಸ್ಟ್ರೇಲಿಯಾ ಮೇಲೆ ಬರೆಸಿದರು. ಒಂದು ಸಲ ಪೇಂಟು ಒಣಗದ ಕುರ್ಚಿ ಮೇಲೆ ಕೂತು ಎದ್ದೆ. ಪ್ಯಾಂಟಿನ ಹಿಂದೆ 12 ಉಲ್ಟಾ ಅಚ್ಚಾಗಿತ್ತು. "ನಿಮ್ಮನ್ನೂ ಸ್ಟಾಕಿಗೆ ತಗೊಂಡ್ರಾ?" ಅಂದಳು ಹೆಂಡತಿ.

ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಸೂಚಿ ಇದೆ. ಅದು ಮುಚ್ಚಿಹೋಗಬಾರದು ಅಂತ ಪೇಂಟರ್ ಸ್ವಲ್ಪ ಮೇಲೆ ಬರೆದಿದ್ದಾನೆ. ಆ ಸ್ವಲ್ಪ ಮೇಲೆ ಇರೋದೇ ನಾವು. ನಂದಿ ಬೆಟ್ಟ, ಚಿಂತಾಮಣಿ, ಬಾಗೇಪಲ್ಲಿ ಎಲ್ಲ ನಂಬರ್ 38ರ ಕೆಳಗೆ.

"ಸಾರ್, ಹೊಸ ನಕ್ಷೆ ತರಿಸೋಣ" ಅಂದೆ.

"ಇದು ರಿಜಿಸ್ಟರಲ್ಲಿ ಇದೆಯಲ್ರೀ ಮೇಷ್ಟ್ರೇ. ವಿಲೇವಾರಿ ಮಾಡ್ಬೇಕಂದ್ರೆ ಶಾಲಾಭಿವೃದ್ಧಿ ಸಮಿತಿ ಸಭೆ ಕರೀಬೇಕು, ಠರಾವು ಬರೀಬೇಕು."

"ನಮ್ಮ ಜಿಲ್ಲೆನೇ ಕಾಣಿಸ್ತಿಲ್ಲ ಸಾರ್."

"ನಂಬರ್ ಕಾಣಿಸ್ತಿದೆಯಲ್ಲ?"

ಕಾಣಿಸುತ್ತಿತ್ತು. ನಾನು ಒದ್ದೆ ಬಟ್ಟೆ ತಂದು ನಕ್ಷೆಯ ಧೂಳು ಒರೆಸತೊಡಗಿದೆ. ಹತ್ತಿರದಿಂದ ನೋಡಿದರೆ 8ರ ಹೊಟ್ಟೆ ಸವೆದು ಮಾಸಲಾಗಿತ್ತು. ಪ್ರತಿ ವರ್ಷ ಈ ಪಾಠ ಬಂದಾಗ ಮಕ್ಕಳು ನಕ್ಷೆಗೆ ಮುತ್ತಿಕೊಳ್ಳುತ್ತಾರೆ. ಮನೆಯಲ್ಲಿ ತೆಲುಗು ಆಡುವ ಮಕ್ಕಳು. "ಮನೂರು ಯಾಡುಂದಿ ಸಾರ್?" ಅಂತ ಕೇಳುತ್ತಾರೆ, ನಮ್ಮೂರು ಎಲ್ಲಿದೆ ಅಂತ. "8ರ ಹೊಟ್ಟೆಯೊಳಗೆ ಕಣೋ" ಅನ್ನುತ್ತೇನೆ. ಒಬ್ಬೊಬ್ಬರಾಗಿ ಬಂದು ಅಲ್ಲಿ ಬೆರಳಿಟ್ಟು ಉಜ್ಜುತ್ತಾರೆ, ಉಜ್ಜಿದರೆ ಊರು ಎದ್ದು ಬರುತ್ತೆ ಅನ್ನೋ ಹಾಗೆ. ಹಾಗೆ ಉಜ್ಜಿದವರಲ್ಲಿ ಒಬ್ಬ ಈಗ ಬೆಂಗಳೂರಿಗೆ ಟೊಮೆಟೊ ಸಾಗಿಸುವ ಗಾಡಿ ಓಡಿಸುತ್ತಾನೆ. ಅವನಿಗೆ ನಕ್ಷೆ ಬೇಕಿಲ್ಲ. ಪೇಂಟು ಹೋದ ಕಡೆ ಒಂದು ಸಣ್ಣ ನೀಲಿ ಗೆರೆಯೂ ಕಂಡಿತು. ಉತ್ತರ ಪಿನಾಕಿನಿ ಇರಬೇಕು. ಬಟ್ಟೆ ಹಿಡಿದು ಸುಮಾರು ಹೊತ್ತು ಅಲ್ಲೇ ನಿಂತಿದ್ದೆ.

ಹಿಂದಿನಿಂದ ಹೆಡ್‌ಮಾಸ್ಟರು ಬಂದು ಕನ್ನಡಕ ಏರಿಸಿ ನೋಡಿದರು.

"ಅಯ್ಯೋ, ನಂಬರ್ ಅಳಿಸಿಹೋಗ್ತಿದೆಯಲ್ರೀ! ಪೇಂಟರ್‌ಗೆ ಹೇಳ್ತೀನಿ ಇರಿ, ಈ ಸಲ ದಪ್ಪಕ್ಕೆ ಬರೀಲಿ."