ಬಲ ಎದೆಯ ಮೇಲಿನ ಪದಕ

ಈ ವರ್ಷದ ಏಪ್ರಿಲ್ 25ರ ನಸುಕಿನಲ್ಲಿ, ಆಸ್ಟ್ರೇಲಿಯಾ ತನ್ನ ಸೈನಿಕರನ್ನು ನೆನೆಯುವ ಆನ್ಜಾಕ್ ದಿನದಂದು, ಮೆಲ್ಬರ್ನಿನ ಯುದ್ಧಸ್ಮಾರಕದ ಮುಂದೆ ಸಾವಿರಾರು ಜನರ ನಡುವೆ ಚಳಿಯಲ್ಲಿ ನಿಂತಿದ್ದಾಗ, ನಮ್ಮ ಪಕ್ಕದ ಮನೆಯ ಹಿರಿಯ ಮಹಿಳೆ ನನ್ನ ಮಗಳನ್ನು ಅಕ್ಕರೆಯಿಂದ ಕೇಳಿದರು: "ನಿಮ್ಮ ಮನೆಯಿಂದ ಯಾರು ಯುದ್ಧಕ್ಕೆ ಹೋಗಿದ್ದರು?" ಅವರ ಕೋಟಿನ ಬಲಭಾಗದಲ್ಲಿ ತಂದೆಯ ಪದಕಗಳಿದ್ದವು. ತಾನೇ ಗಳಿಸಿದ ಪದಕ ಎಡ ಎದೆಗೆ, ಮನೆಯ ಹಿರಿಯರದು ಬಲ ಎದೆಗೆ ಎಂಬುದು ಇಲ್ಲಿನ ರೂಢಿ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಹಲಸೂರಿಗೆ ಹೋಗಿ, ಸೇನೆಯ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಸೇರಿ, ಬರ್ಮಾದ ನದಿಗಳಿಗೆ ಸೇತುವೆ ಕಟ್ಟಿ ಬಂದ ನನ್ನ ತಾತನ ವಿಷಯ ಹೇಳಿದೆ. "ಅವರ ಪದಕ?" ಎಂದು ಮಗಳೇ ಕೇಳಿದಳು. ಮನೆಗೆ ಬಂದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. "ಆ ನಕ್ಷತ್ರದ್ದಾ? ಕಿಲುಬು ಹಿಡಿದಿತ್ತು ಕಣೋ. ಹಳೇ ಹಿತ್ತಾಳೆ ಜೊತೆ ಪಾತ್ರೆಯವನಿಗೆ ಹಾಕಿ ಸ್ಟೀಲ್ ಡಬ್ಬ ತಗೊಂಡ್ವಿ. ಅದರ ಬಟ್ಟೆ ಪಟ್ಟಿ ಮಾತ್ರ ಇದೆ, ಪಹಣಿ ಕಾಗದಗಳಿಗೆ ಕಟ್ಟಿದ್ದೀನಿ" ಎಂದರು. ಕಡುನೀಲಿಯ ನಡುವೆ ಕೆಂಪು, ಅಕ್ಕಪಕ್ಕ ಕಿತ್ತಳೆ ಗೆರೆಗಳಿರುವ ಬರ್ಮಾ ಸ್ಟಾರ್ ಪದಕದ ಆ ಪಟ್ಟಿಯನ್ನು ನಾನು ಬಾಲ್ಯದಿಂದ ಕಂಡಿದ್ದರೂ ಅದು ಏನೆಂದು ಒಮ್ಮೆಯೂ ವಿಚಾರಿಸಿರಲಿಲ್ಲ.

ಆಸ್ಟ್ರೇಲಿಯಾದವರು ಈ ದಿನ ನೆನೆಯುವುದು ಗೆಲುವನ್ನಲ್ಲ. 1915ರಲ್ಲಿ ಟರ್ಕಿಯ ಗಲಿಪೊಲಿಯ ದಂಡೆಗೆ ಇಳಿದ ಅವರ ಸೈನಿಕರು ಎಂಟು ತಿಂಗಳು ಹೋರಾಡಿ, ಗುರಿ ಮುಟ್ಟದೆ ಹಿಂದಿರುಗಿದರು. ಆದರೂ ಸೇನೆಯ ಅಡುಗೆಯವನ ಮೊಮ್ಮಗನಿಗೂ ಮೆರವಣಿಗೆಯಲ್ಲಿ ಜಾಗವಿದೆ. ಮೊದಲ ಮಹಾಯುದ್ಧಕ್ಕೆ ಹೋದವರ ಸೇವಾದಾಖಲೆಗಳನ್ನು ರಾಷ್ಟ್ರೀಯ ಪತ್ರಾಗಾರ ಅಂತರ್ಜಾಲದಲ್ಲಿ ಉಚಿತವಾಗಿ ತೆರೆದಿಟ್ಟಿದೆ. ನಮ್ಮ ನೆರೆಯವರು ತಮ್ಮ ಅಜ್ಜನ ಎತ್ತರ, ಕಣ್ಣಿನ ಬಣ್ಣ, ಆಸ್ಪತ್ರೆಯಲ್ಲಿ ಮಲಗಿದ ದಿನಗಳನ್ನು ಓದಿ ತೋರಿಸಿದಾಗ ನನಗೆ ಹೊಟ್ಟೆಕಿಚ್ಚಾಯಿತು.

ಕಾರ್ಯಪ್ಪ, ತಿಮ್ಮಯ್ಯನವರ ಹೆಸರು ನಮ್ಮ ಶಾಲೆಗಳಲ್ಲಿ ಕಲಿಸುತ್ತಾರೆ, ಕಲಿಸಲೇಬೇಕು. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಕುದುರೆ ದಳ ಮೈಸೂರು ಲ್ಯಾನ್ಸರ್ಸ್‌ಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಸೈನಿಕರ ಪ್ರತಿಮೆಗಳಲ್ಲಿ ಒಬ್ಬ ಮೈಸೂರಿನವನು. ಆದರೆ ಆ ಕುದುರೆ ಸವಾರರ ಮರಿಮಕ್ಕಳು ಯಾವ ಬೀದಿಯಲ್ಲಿದ್ದಾರೆಂದು ಯಾರು ಬಲ್ಲರು? ಹಾರ ಹಾಕುವ ಕೈಗಳು ಅಧಿಕಾರಿಗಳವು, ಜನಪ್ರತಿನಿಧಿಗಳವು. ಮನೆಯವರು ಹಗ್ಗದಾಚೆ ನಿಂತಿರುತ್ತಾರೆ. ಊರೂರಿಗೂ ವೀರಗಲ್ಲು ನೆಟ್ಟವರು ನಾವು. ಬೆಂಗಳೂರು ಎಂಬ ಹೆಸರು ಬರುವ ಬೇಗೂರಿನ ಹಳೆಯ ಶಾಸನ ಹೇಳುವುದೂ ಬೆಂಗಳೂರು ಕಾಳಗದಲ್ಲಿ ಮಡಿದ ಬುಟ್ಟನಸೆಟ್ಟಿಯ ಸಾವನ್ನೇ. ದನ ಕಾಯಲು ಹೋಗಿ ಸತ್ತವನನ್ನೂ ಹೆಸರಿಟ್ಟು ಕಲ್ಲಿನಲ್ಲಿ ಕಡೆಸುತ್ತಿದ್ದ ನಾಡು, ಬರ್ಮಾದಿಂದ ಬಂದವನ ಪದಕವನ್ನು ಡಬ್ಬಕ್ಕೆ ಕೊಟ್ಟಿತಲ್ಲ ಎಂಬ ಸಿಟ್ಟು ನನಗಿನ್ನೂ ಇಳಿದಿಲ್ಲ.

ಇಲ್ಲಿಯವರೂ ಎಲ್ಲರನ್ನೂ ಸಮನಾಗಿ ನೆನೆದವರಲ್ಲ. ಅದೇ ಯುದ್ಧಗಳಲ್ಲಿ ಕಾದಾಡಿದ ಮೂಲನಿವಾಸಿ ಸೈನಿಕರನ್ನು ದಶಕಗಳ ಕಾಲ ದೂರವೇ ಇಟ್ಟಿದ್ದರು. ಇನ್ನೊಂದನ್ನೂ ಒಪ್ಪಿಕೊಳ್ಳಬೇಕು. ನಮ್ಮ ಅಜ್ಜಿ ಬದುಕಿರುವವರೆಗೂ ಮಹಾಲಯ ಅಮಾವಾಸ್ಯೆಯ ಎಡೆಯಲ್ಲಿ ವಡೆ, ಪಾಯಸದ ಪಕ್ಕ ಒಂದು ಸಣ್ಣ ಲೋಟ ರಮ್ ಇಡುತ್ತಿದ್ದರು. ಬಾಗಿಲು ಮುಂದೆ ಮಾಡಿ, ತೀರಿಕೊಂಡ ಹಿರಿಯರು ಬಂದು ಉಂಡು ಹೋಗುವವರೆಗೆ ನಮ್ಮನ್ನು ಹೊರಗೆ ಕೂರಿಸುತ್ತಿದ್ದರು. ತಾತನಿಗೆ ಏನು ಇಷ್ಟವೆಂದು ಅವರು ಮರೆತಿರಲಿಲ್ಲ. ತಾತ ಎಲ್ಲಿಗೆ ಹೋಗಿದ್ದರೆಂದು ನಮಗೆ ಹೇಳಲಿಲ್ಲ, ಅಷ್ಟೇ.

ಆಗಸ್ಟಿನಲ್ಲಿ ಚಿಕ್ಕಪ್ಪನ ಮಗ ಇಲ್ಲಿಗೆ ಬರುವವನಿದ್ದಾನೆ. ಪಹಣಿ ಕಾಗದಗಳಿಗೆ ಬೇರೆ ದಾರ ಕಟ್ಟಿ, ಆ ಪಟ್ಟಿಯನ್ನು ಅವನ ಕೈಯಲ್ಲಿ ಕಳಿಸುವಂತೆ ಅಮ್ಮನಿಗೆ ಹೇಳಿದ್ದೇನೆ.